ಆದಾಮ ಸತ್ತದ್ದು ಯಾವ ದಿನ?

ಏದೆನ್ ತೋಟದ ಕಥೆಯಲ್ಲಿ ನಾನು ಬಹಳ ಕಾಲ ಹಾವಿನ ಪಕ್ಷದಲ್ಲಿದ್ದೆ. ಅದಕ್ಕೆ ನನ್ನ ವೃತ್ತಿಯೂ ಒಂದಿಷ್ಟು ಕಾರಣ. ನಾನು ಜೀವಶಾಸ್ತ್ರ ಹೇಳಿಕೊಡುವವಳು. ಹಾವನ್ನು ಕಂಡಕೂಡಲೇ ಹೊಡೆಯಬಾರದು, ಅದು ಇಲಿ ತಿಂದು ರೈತನಿಗೆ ಉಪಕಾರ ಮಾಡುತ್ತದೆ ಎಂದು ವರ್ಷಕ್ಕೊಂದು ಸಲ ಕಾಲೇಜಿನಲ್ಲಿ ಪಾಠ ಮಾಡಿ, ನಮ್ಮ ಮನೆಯ ಬಚ್ಚಲಲ್ಲಿ ಒಂದು ಕೇರೆಹಾವು ಕಾಣಿಸಿಕೊಂಡ ದಿನ ಬೀದಿಗೆಲ್ಲ ಕೇಳುವಂತೆ ಕಿರುಚಿಕೊಂಡವಳು. ಆದರೂ ತತ್ವವೆಂದರೆ ತತ್ವ. ಆ ಕಥೆಯಲ್ಲಿ ಹಾವಿಗೆ ಅನ್ಯಾಯವಾಗಿದೆ ಎಂದು ನನಗೆ ಪ್ರಾಮಾಣಿಕವಾಗಿ ಅನ್ನಿಸಿತ್ತು.

ಕಥೆ ನಿಮಗೂ ಗೊತ್ತಿರುತ್ತದೆ. ದೇವರು ಮೊದಲ ಮನುಷ್ಯ ಆದಾಮನನ್ನು ಒಂದು ತೋಟದಲ್ಲಿ ಇಟ್ಟು, ಎಲ್ಲ ಮರದ ಹಣ್ಣನ್ನೂ ತಿನ್ನು, ಒಂದೇ ಒಂದು ಮರದ ತಂಟೆಗೆ ಹೋಗಬೇಡ, ತಿಂದ ದಿನವೇ ಸಾಯುತ್ತೀಯ ಎಂದು ಎಚ್ಚರಿಸುತ್ತಾನೆ. ಹಾವು ಬಂದು ಅವನ ಹೆಂಡತಿ ಹವ್ವಳಿಗೆ, ಇಲ್ಲಮ್ಮ, ಖಂಡಿತ ಸಾಯುವುದಿಲ್ಲ ಎನ್ನುತ್ತದೆ. ಇಬ್ಬರೂ ತಿನ್ನುತ್ತಾರೆ. ಸಾಯುವುದಿಲ್ಲ! ಎಲೆ ಹೊಲಿದುಕೊಂಡು ಮೈ ಮುಚ್ಚಿಕೊಳ್ಳುತ್ತಾರೆ, ಹೊರಗೆ ಹೋಗಿ ಬೇಸಾಯ ಮಾಡುತ್ತಾರೆ, ಮಕ್ಕಳನ್ನು ಹೆರುತ್ತಾರೆ. ಆದಾಮನಂತೂ ಒಂಬೈನೂರು ಚಿಲ್ಲರೆ ವರ್ಷ ಬಾಳಿ, ಮರಿಮಕ್ಕಳ ಮರಿಮಕ್ಕಳನ್ನು ಕಂಡು ಹೋಗುತ್ತಾನೆ. ಹಾಗಾದರೆ ನಿಜ ಹೇಳಿದ್ದು ಯಾರು?

ಈ ಪ್ರಶ್ನೆಯನ್ನು ನಾನು ಮೊದಲು ಹಾಕಿದ್ದು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನ ಕಡೆಯ ಸಾಲಿನ ಸೀಟಿನಲ್ಲಿ. ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ನರಸೀಪುರದ ಜೂನಿಯರ್ ಕಾಲೇಜಿಗೆ ಹೊಸದಾಗಿ ಸೇರಿದ್ದೆ. ಪಕ್ಕದಲ್ಲಿ ಕೂರುತ್ತಿದ್ದವರು ಗ್ರೇಸಮ್ಮ ಟೀಚರ್. ಅದೇ ಊರಿನ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು, ನನಗಿಂತ ಬಹಳ ಹಿರಿಯರು. ಗಂಜಿ ಹಾಕಿದ ಹತ್ತಿಯ ಸೀರೆ, ತೊಡೆಯ ಮೇಲೆ ಬ್ಯಾಗು, ಬ್ಯಾಗಿನಲ್ಲಿ ಹುರಿದ ಕಡಲೆಕಾಯಿಬೀಜ. ಮುಂದೆ ಸೀಟು ಖಾಲಿಯಿದ್ದರೂ ಅವರು ಹಿಂದೆಯೇ ಕೂರುತ್ತಿದ್ದರು. ಆ ರಸ್ತೆಯ ಗುಂಡಿಗಳು ಕಡೆಯ ಸಾಲಿನವರನ್ನು ಹೇಗೆ ಕುಣಿಸುತ್ತಿದ್ದವು ಎನ್ನುವುದು ಕೂತವರಿಗೇ ಗೊತ್ತು. ಕಡಲೆಬೀಜದ ಆಸೆಗೆ ನಾನೂ ಅಲ್ಲೇ ಕೂತು ಕುಣಿಯುತ್ತಿದ್ದೆ.

ನಮ್ಮದು ನಂಜನಗೂಡಿನ ಪೇಟೆಯಲ್ಲಿ ಅಂಗಡಿ ಇಟ್ಟವರ ಮನೆ. ಹಣೆಗೆ ವಿಭೂತಿ ಇಡದೆ ಕಾಫಿ ಸಿಗದ ಮನೆ. ಕ್ರೈಸ್ತರ ಸೃಷ್ಟಿಕಥೆ ನನಗೆ ಪರಿಚಯವಾದದ್ದು ಗ್ರೇಸಮ್ಮನವರಿಂದಲೇ. ಅವರು ಭಾನುವಾರದ ಶಾಲೆಯ ಮಕ್ಕಳಿಗೆ ಹೇಳಬೇಕಾದ ಪಾಠವನ್ನು ಬಸ್ಸಿನಲ್ಲಿ ಓದಿಕೊಳ್ಳುತ್ತಿದ್ದರು. ಪಕ್ಕದವರ ಓದಿನಲ್ಲಿ ಕಣ್ಣು ಹಾಕುವುದು ನನ್ನ ಹುಟ್ಟುಗುಣ. ಹಾಗೆ ಇಣುಕಿ, ಓದಿ, ಹಾವಿನ ಪರವಾಗಿ ವಕಾಲತ್ತು ವಹಿಸಿಬಿಟ್ಟೆ.

ಅವರಿಗೆ ಕೋಪ ಬರಬಹುದೆಂದುಕೊಂಡಿದ್ದೆ. ಅವರು ನಾಲ್ಕು ಕಡಲೆಬೀಜ ನನ್ನ ಅಂಗೈಗೆ ಹಾಕಿ ನಕ್ಕರು. "ಹಾವು ಅರ್ಧ ನಿಜ ಹೇಳ್ತು ಕಣಮ್ಮ. ಪೂರ್ತಿ ಸುಳ್ಳು ಹೇಳೋರನ್ನ ಯಾರು ನಂಬ್ತಾರೆ?" ಎಂದರು.

ಅಲ್ಲಿಂದ ಶುರುವಾದ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಈ ಪ್ರಶ್ನೆಯನ್ನು ಎತ್ತಿದವರಲ್ಲಿ ನಾನೇ ಮೊದಲಿಗಳಲ್ಲ, ದೊಡ್ಡ ದೊಡ್ಡ ಪಂಡಿತರು ಶತಮಾನಗಳಿಂದ ಇದರ ಮೇಲೆ ತಲೆ ಕೆಡಿಸಿಕೊಂಡಿದ್ದಾರೆ ಎಂದು ತಿಳಿದು ಸ್ವಲ್ಪ ನಿರಾಸೆಯೇ ಆಯಿತು. ಗ್ರೇಸಮ್ಮನವರ ಚರ್ಚಿನ ಪಾದ್ರಿ ಅಯ್ಯನವರ ಪ್ರಕಾರ, ದೇವರ ಒಂದು ದಿನವೆಂದರೆ ನಮ್ಮ ಸಾವಿರ ವರ್ಷ. ಆ ಲೆಕ್ಕದಲ್ಲಿ ಆದಾಮ ಅದೇ ದಿನ, ದೀಪ ಹಚ್ಚುವ ಹೊತ್ತಿಗೆ ಸತ್ತ. ಇನ್ನು ಕೆಲವರು, ಅವತ್ತಿನಿಂದ ಸಾಯಲು ಶುರುಮಾಡಿದ, ಮುಗಿದದ್ದು ತಡವಾಗಿ ಎನ್ನುತ್ತಾರೆ. ಗ್ರೇಸಮ್ಮನವರು ಎರಡನ್ನೂ ಒಪ್ಪುತ್ತಿರಲಿಲ್ಲ. "ಅವತ್ತೇ ಸತ್ತ. ಒಳಗಡೆ ಸತ್ತ. ಮೈ ಸತ್ತದ್ದು ಆಮೇಲೆ" ಎನ್ನುವುದು ಅವರ ಖಚಿತ ಅಭಿಪ್ರಾಯ. ಮೂಲಭಾಷೆಯಲ್ಲಿ ಸಾಯುವ ಮಾತನ್ನು ಎರಡು ಸಲ ಹೇಳಿದೆಯಂತೆ, ತಮ್ಮ ಟ್ರೈನಿಂಗ್ ಶಾಲೆಯ ಗುರುಗಳು ಹೇಳಿದ್ದರಂತೆ.

ಅದನ್ನು ಕೇಳಿ ನನಗೆ ರೋಮಾಂಚನವಾಯಿತು. ಯಾಕೆಂದರೆ ಕನ್ನಡದಲ್ಲೂ ನಾವು ಹಾಗೆಯೇ ಅಲ್ಲವೇ ಮಾತಾಡುವುದು? ಬಂದೇ ಬರುತ್ತೇನೆ, ಮಾಡೇ ಮಾಡುತ್ತೇನೆ, ಸತ್ತೇ ಸಾಯುತ್ತೀಯ. ಒತ್ತಿ ಹೇಳಲು ಎರಡು ಸಲ ಹೇಳುತ್ತೇವೆ ಅಷ್ಟೆ. ಆದರೆ ಬಿಡಿಸಿ ನೋಡಿದರೆ ಮೊದಲು ಸತ್ತು, ಆಮೇಲೆ ಸಾಯುತ್ತೀಯ ಎಂದಾಗುತ್ತದೆ. ಒಂದು ಸಾವು ಮನೆಯವರಿಗೆ ಕಾಣುವಂಥದ್ದು, ಇನ್ನೊಂದು ಕಾಣದ್ದು. ಸಾವಿನ ವಿಷಯದಲ್ಲಿ ನಮ್ಮ ಭಾಷೆ ಎಷ್ಟು ಧಾರಾಳಿ! ಕರೆಂಟು ಬಿಲ್ಲು ನೋಡಿದರೆ ಸತ್ತೇ ಹೋದೆ ಎನ್ನುತ್ತೇವೆ, ನಗು ತಡೆಯದಿದ್ದರೂ ಸತ್ತೆ ಎನ್ನುತ್ತೇವೆ. ನಿಜವಾಗಿ ಸತ್ತಾಗ ಮಾತ್ರ ಆ ಮಾತನ್ನು ಬಾಯಿಗೆ ತರುವುದಿಲ್ಲ. ತೀರಿಕೊಂಡರು, ಹೋಗಿಬಿಟ್ಟರು ಎನ್ನುತ್ತೇವೆ. ನಮ್ಮ ಮನೆಯಲ್ಲಿ ಲಿಂಗೈಕ್ಯರಾಗುತ್ತಾರೆ, ಗ್ರೇಸಮ್ಮನವರಲ್ಲಿ ಪ್ರಭುವಿನಲ್ಲಿ ನಿದ್ರೆಹೋಗುತ್ತಾರೆ. ನರಸೀಪುರದ ಸಂಗಮದಲ್ಲಿ ಅಸ್ಥಿ ಬಿಟ್ಟು ತಲೆ ಬೋಳಿಸಿಕೊಂಡ ಗಂಡುಮಕ್ಕಳು ನಮ್ಮ ಸಂಜೆಯ ಬಸ್ಸಿಗೇ ಹತ್ತುತ್ತಿದ್ದರು. ಹತ್ತುವಾಗ ಮುಖ ಗಂಭೀರವಾಗಿರುತ್ತಿತ್ತು. ಎರಡು ಊರು ದಾಟುವಷ್ಟರಲ್ಲಿ ಅಪ್ಪನ ಯಾವುದೋ ತಮಾಷೆ ನೆನಪಾಗಿ ನಗುತ್ತಿದ್ದರು. ಅವರನ್ನು ನೋಡಿ ಗ್ರೇಸಮ್ಮನವರು ಒಂದು ಸಲ, "ನೋಡಿ, ಈ ಮನೇಲಿ ಸತ್ತಿರೋದು ಒಬ್ಬರೇ" ಎಂದಿದ್ದರು. ಆ ಮಾತು ನನಗೆ ಆಗ ಅರ್ಥವಾಗಿರಲಿಲ್ಲ.

ವಿಜ್ಞಾನದವಳಾದ ನಾನು ಸಾಕ್ಷಿ ಕೇಳದೆ ಬಿಡುತ್ತೇನೆಯೇ? ಒಂದು ದಿನ, "ಟೀಚರ್, ನಾಡಿ ಬಡ್ಕೊಳ್ತಾ ಇದೆ, ಉಸಿರು ಆಡ್ತಾ ಇದೆ. ಒಳಗೆ ಸತ್ತಿದ್ದಾನೆ ಅಂತ ಗುರುತು ಹಿಡಿಯೋದು ಹೇಗೆ?" ಎಂದು ಕೇಳಿದೆ.

ಅವರು ಕಡಲೆಬೀಜದ ಪೊಟ್ಟಣವನ್ನು ಮಡಚಿ ಬ್ಯಾಗಿಗೆ ಹಾಕಿದರು. ಆಮೇಲೆ, "ಶನಿವಾರ ಮಧ್ಯಾಹ್ನ ನಮ್ಮನೆಗೆ ಬನ್ನಿ. ತೋರಿಸ್ತೀನಿ" ಎಂದರು.

ಅವರ ಮನೆ ನಂಜನಗೂಡಿನ ರೈಲ್ವೆ ಸ್ಟೇಷನ್ನಿನ ಆಚೆ, ಚರ್ಚಿನ ಕಾಂಪೌಂಡಿಗೆ ಅಂಟಿಕೊಂಡಂತಿತ್ತು. ನಾನು ಗೇಟು ತೆಗೆದಾಗ ಪಡಸಾಲೆಯಲ್ಲಿ ಯಾರೋ ಕುರ್ಚಿ ಸರಿಸಿದ ಸದ್ದಾಯಿತು. ಒಳಗೆ ಹೋದರೆ ಕುರ್ಚಿಯಲ್ಲಿ ಯಾರೂ ಇಲ್ಲ. ಹಿತ್ತಲಿನ ಬಾಗಿಲು ಮಾತ್ರ ಇನ್ನೂ ಅಲ್ಲಾಡುತ್ತಿತ್ತು. ಹೊರಗೆ ರಸಬಾಳೆಯ ಗಿಡಗಳ ನಡುವೆ ಬಿಳಿ ಬನಿಯನ್ನು ಹಾಕಿದ ಎತ್ತರದ ಮನುಷ್ಯರೊಬ್ಬರು ಬೆನ್ನು ತಿರುಗಿಸಿ ನಿಂತಿದ್ದರು.

"ನಮ್ಮನೆಯವರು" ಎಂದರು ಗ್ರೇಸಮ್ಮ. "ಗೇಟು ಸದ್ದಾದ್ರೆ ಹಿತ್ತಲಿಗೆ ಹೋಗ್ತಾರೆ. ನೀವು ಹೋದಮೇಲೆ ಬರ್ತಾರೆ."

ಅವರ ಹೆಸರು ಸ್ಯಾಮ್ಯುಯೆಲ್. ಊರಿನವರ ಬಾಯಲ್ಲಿ ಸಾಮಣ್ಣ. ನಾವು ದಿನಾ ಓಡಾಡುತ್ತಿದ್ದ ರಸ್ತೆಯಲ್ಲೇ ಖಾಸಗಿ ಬಸ್ಸು ಓಡಿಸುತ್ತಿದ್ದವರು. ಸ್ಟೇರಿಂಗ್ ಹಿಡಿದರೆ ಹಾಡು, ಚರ್ಚಿನಲ್ಲೂ ಅವರದೇ ದೊಡ್ಡ ಗಂಟಲು. ನಾನು ಕೆಲಸಕ್ಕೆ ಸೇರುವುದಕ್ಕೆ ಕೆಲವು ವರ್ಷ ಮುಂಚೆ, ಒಂದು ಸಂಜೆ, ಕಬ್ಬು ತುಂಬಿದ ಗಾಡಿಯ ಮರೆಯಿಂದ ಒಬ್ಬ ಮನುಷ್ಯ ರಸ್ತೆಗೆ ಇಳಿದ. ಬ್ರೇಕು ಹಿಡಿಯಿತು, ಬಸ್ಸೂ ನಿಂತಿತು, ಆದರೆ ನಿಲ್ಲಬೇಕಾದ ಜಾಗದಿಂದ ಒಂದು ಮಾರು ಮುಂದೆ. ಜನ ಸೇರಿದರೆ ಹೊಡೆಯುತ್ತಾರೆ, ಓಡಿಹೋಗಿ ಎಂದು ಕಂಡಕ್ಟರ್ ಕೂಗಿದನಂತೆ. ಸಾಮಣ್ಣ ಓಡಲಿಲ್ಲ. ಇಳಿದು ಆ ಮನುಷ್ಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಟ್ಟರು. ಅವನು ಬಿಳಿಗೆರೆ ಕಡೆಯ ಮಾದಯ್ಯ ಎಂಬ ರೈತ. ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ. ಗಾಡಿಯವನು ನಡೆದದ್ದನ್ನು ನಡೆದಂತೆ ಸಾಕ್ಷಿ ಹೇಳಿದ, ಕೋರ್ಟು ಸಾಮಣ್ಣನವರ ತಪ್ಪಿಲ್ಲವೆಂದು ಬಿಟ್ಟುಬಿಟ್ಟಿತು.

"ಕೋರ್ಟು ಬಿಡ್ತು, ಇವರು ಬಿಡಲಿಲ್ಲ" ಎಂದರು ಗ್ರೇಸಮ್ಮ. ಬಸ್ಸು ಹತ್ತಲಿಲ್ಲ, ಹಾಡಲಿಲ್ಲ, ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಊಟ ಮಾಡುತ್ತಾರೆ, ಮಲಗುತ್ತಾರೆ, ಬಾಳೆಗೆ ನೀರು ಬಿಡುತ್ತಾರೆ. ಕೇಳಿದ್ದಕ್ಕೆ ಹೂಂ ಅಥವಾ ಊಹೂಂ. ಡ್ರೈವರನ ಬೆನ್ನು ಕಾಣುವ ಸೀಟಿನಲ್ಲಿ ಗ್ರೇಸಮ್ಮ ಯಾಕೆ ಕೂರುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ನಾಡಿ ಚೆನ್ನಾಗಿದೆ, ಬಿ.ಪಿ. ನನಗಿಂತ ಚೆನ್ನಾಗಿದೆ. ಈಗ ಹೇಳಿ ಮೇಡಂ, ಆದಾಮ ಅವತ್ತು ಬದುಕಿದ್ನಾ?"

ಹಾವಿನ ವಕಾಲತ್ತು ಅಲ್ಲಿಗೆ ಮುಗಿಯಿತು. ಹಿತ್ತಲಿನ ಬಾಳೆಗಿಡಗಳನ್ನು ನೋಡುತ್ತಿದ್ದೆ. ಆ ವರ್ಷಗಳಲ್ಲಿ ನಂಜನಗೂಡಿನ ರಸಬಾಳೆಗೆ ಸೊರಗು ರೋಗ ಬಡಿದು ತೋಟಕ್ಕೆ ತೋಟವೇ ಹೋಗುತ್ತಿತ್ತು. ಬೂಷ್ಟು ಮಣ್ಣಿನಿಂದ ಬೇರಿಗೆ ಹೊಕ್ಕು ನೀರು ಏರುವ ದಾರಿಯನ್ನು ಕಟ್ಟುತ್ತದೆ. ಹೊಕ್ಕ ದಿನವೇ ಗಿಡದ ಕಥೆ ಮುಗಿಯಿತು, ಆದರೆ ಎಲೆಗೆ ಅದು ತಿಳಿಯಲು ಬಹಳ ದಿನ ಬೇಕು. ಅಲ್ಲಿಯವರೆಗೆ ಹಸಿರಾಗಿಯೇ ಗಾಳಿಗೆ ತೂಗಾಡುತ್ತಿರುತ್ತದೆ. ನಾನೇ ಪಾಠ ಮಾಡುವ ಸಂಗತಿ. ಗಿಡ ಯಾವಾಗ ಸತ್ತಿತು ಎಂದು ಯಾರಾದರೂ ವಿದ್ಯಾರ್ಥಿ ಕೇಳಿದ್ದರೆ ನನಗೆ ಯಾವ ದಿನವೆಂದು ಹೇಳಲು ಬರುತ್ತಿರಲಿಲ್ಲ.

ನನ್ನ ಮುಖ ನೋಡಿ ಗ್ರೇಸಮ್ಮನವರಿಗೇ ಪಾಪವೆನ್ನಿಸಿರಬೇಕು. "ಕಥೆ ಅಲ್ಲಿಗೇ ನಿಲ್ಲಲ್ಲಮ್ಮ. ತೋಟದಿಂದ ಕಳಿಸೋ ಮುಂಚೆ ದೇವರು ಅವರಿಬ್ಬರಿಗೂ ಚರ್ಮದ ಅಂಗಿ ಮಾಡಿ ತೊಡಿಸ್ತಾನೆ. ಸತ್ತೇಹೋದೋರಿಗೆ ಯಾರು ಅಂಗಿ ಹೊಲಿಸ್ತಾರೆ? ಮುಂದೆ ಚಳಿಗಾಲ ಇದೆ, ಇವರು ಅದನ್ನ ಕಾಣ್ತಾರೆ ಅಂತ ಗೊತ್ತಿರೋರು ತಾನೇ?" ಎಂದು ಕಾಫಿ ತರಲು ಎದ್ದರು. ಇಂಥ ವ್ಯಾಖ್ಯಾನವನ್ನು ನಾನು ಅಲ್ಲಿಯವರೆಗೂ ಕೇಳಿರಲಿಲ್ಲ. ಗಂಡ ಹಿತ್ತಲಿನಲ್ಲಿ ನಿಂತಿರುವಾಗ, ಹಾಲು ಉಕ್ಕದಂತೆ ನೋಡಿಕೊಳ್ಳುತ್ತಾ, ಅದನ್ನು ಅಷ್ಟು ಸಲೀಸಾಗಿ ಹೇಳಬಲ್ಲವರನ್ನಂತೂ ಆಮೇಲೂ ಕಂಡಿಲ್ಲ.

ಅಂದಿನಿಂದ ಶನಿವಾರಗಳಲ್ಲಿ ನಾನು ಅವರ ಮನೆಗೆ ಹೋಗುವುದು ರೂಢಿಯಾಯಿತು. ಸಾಮಣ್ಣನವರ ಬೆನ್ನು ನನಗೆ ಚೆನ್ನಾಗಿ ಪರಿಚಯವಾಯಿತು. ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ನಾವಿಬ್ಬರೂ ಕಾಫಿ ಕುಡಿಯುತ್ತಿದ್ದಾಗ ಗೇಟು ಕಿರುಗುಟ್ಟಿತು. ತೆರೆದ ಹಿತ್ತಲಿನ ಬಾಗಿಲಿನಾಚೆ ಬಿಳಿ ಬನಿಯನ್ನು ಬಾಳೆಗಿಡಗಳ ಮರೆಗೆ ಸರಿಯಿತು. ಬಂದವಳು ಹಳ್ಳಿಯ ಹೆಂಗಸು. ಐವತ್ತು ದಾಟಿರಬಹುದು. ಕುತ್ತಿಗೆ ಬೋಳು, ಕೈಯಲ್ಲೊಂದು ಬಟ್ಟೆಯ ಚೀಲ.

"ಡ್ರೈವರ್ ಸಾಮಣ್ಣೋರ್ ಮನೆ ಇದೇನಾ ಅವ್ವಾ?"

ಗ್ರೇಸಮ್ಮ ಹೌದೆಂದರು.

"ನಾನು ಚಿಕ್ಕತಾಯಿ. ಬಿಳಿಗೆರೆ ತಾವ್ಲಿಂದ ಬಂದಿವ್ನಿ. ಮಾದಯ್ಯನ್ ಎಂಡ್ತಿ."

ಗ್ರೇಸಮ್ಮನವರು ಕಾಫಿಯ ಲೋಟ ಕೆಳಗಿಟ್ಟು ಎದ್ದು ನಿಂತರು. ಜಗಳಕ್ಕೆ ಬಂದಿದ್ದಾಳೆ ಎಂದೇ ನಾವಿಬ್ಬರೂ ಅಂದುಕೊಂಡೆವು. ಚಿಕ್ಕತಾಯಮ್ಮನಿಗೂ ಅದು ತಿಳಿದಿರಬೇಕು. ಮೆಟ್ಟಿಲ ಮೇಲೆ ಕೂತು ಚೀಲ ಪಕ್ಕಕ್ಕಿಟ್ಟಳು.

"ಬೈಯಕ್ಕೆ ಬಂದಿಲ್ಲ ಟೀಚರಮ್ಮ. ಮೊನ್ನೆ ಮದ್ವೆ ಮನೇಲಿ ಆ ಬಸ್ನಲ್ಲಿದ್ದ ಕಂಡಾಟ್ರು ಸಿಕ್ಕಿದ್ದ. ಮಾದಯ್ಯ ಜೀವ ಬುಡೋವಾಗ ಡ್ರೈವರ್ ತೊಡೆ ಮ್ಯಾಲೆ ಮಡೀಕಂಡು ನೀರು ಬುಟ್ಟ, ಅವ್ರು ಏನೋ ಅಂದ್ರು, ನಂಗೆ ಕೇಳಿಸ್ಲಿಲ್ಲ ಅಂದ. ಇಷ್ಟು ವರ್ಸ ಎಲ್ರೂ ನಂಗೆ, ಸಾಯೋವಾಗ ಅವ್ರು ಮಾತೇ ಆಡ್ಲಿಲ್ಲ ಅಂತ್ಲೇ ಏಳ್ತಿದ್ರು. ಏನಂದ್ರು ಅಂತ ಕೇಳ್ಕಂಡು ಓಗವ ಅಂತ ಬಂದೆ."

"ಅವರು ಯಾರ ಹತ್ರಾನೂ ಮಾತಾಡಲ್ಲಮ್ಮ" ಎಂದರು ಗ್ರೇಸಮ್ಮ. "ಹಿತ್ತಲಲ್ಲಿದ್ದಾರೆ. ಕರೆದರೆ ಬರಲ್ಲ."

"ಬರ್ದಿದ್ರೆ ನಾನೇ ಓಯ್ತೀನಿ" ಎಂದು ಚಿಕ್ಕತಾಯಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮನೆಯ ಪಕ್ಕದಿಂದ ಹಿತ್ತಲಿಗೆ ನಡೆದೇಬಿಟ್ಟಳು. ನಾವು ಹಿಂದೆ ಹೋದೆವು. ಬಾಳೆಯ ಎಲೆಗಳ ಮರೆಯಲ್ಲಿ ಬನಿಯನ್ನು ಸ್ವಲ್ಪ ಕಾಣುತ್ತಿತ್ತು. ಅವಳು ಬಾವಿಕಟ್ಟೆಯ ಹತ್ತಿರ ನಿಂತು ಜೋರಾಗಿ ಕೂಗಿದಳು.

"ಎಲ್ಲಿದ್ದೀಯಪ್ಪಾ?"

ಗ್ರೇಸಮ್ಮ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಪ್ರಶ್ನೆ ನನಗೂ ಗೊತ್ತಿತ್ತು. ಹಣ್ಣು ತಿಂದು ಮರಗಳ ನಡುವೆ ಅಡಗಿದ ಆದಾಮನನ್ನು ದೇವರು ಕೇಳುವ ಮೊದಲ ಮಾತು ಅದು. ಸರ್ವಜ್ಞನಾದ ದೇವರಿಗೆ ಅವನೆಲ್ಲಿದ್ದಾನೆಂದು ಕಾಣುತ್ತಿರಲಿಲ್ಲವೇ ಎಂದು ನಾನು ಬಸ್ಸಿನಲ್ಲಿ ಗೇಲಿ ಮಾಡಿದ್ದೂ ಉಂಟು. ಚಿಕ್ಕತಾಯಮ್ಮನಿಗೂ ಬನಿಯನ್ನು ಕಾಣುತ್ತಲೇ ಇತ್ತು. ಆದರೂ ಕೇಳಿದಳು. ಅಡಗಿದವನು ತಾನಾಗಿ ಹೊರಗೆ ಬರಲೆಂದು ಕೇಳುವ ಪ್ರಶ್ನೆಯದು ಎಂದು ನನಗೆ ಆ ಬಾವಿಕಟ್ಟೆಯ ಹತ್ತಿರ ತಿಳಿಯಿತು.

ಸಾಮಣ್ಣ ಬಂದರು. ಅವರ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಅವಳಿಂದ ನಾಲ್ಕು ಹೆಜ್ಜೆ ದೂರ ನಿಂತು ನೆಲ ನೋಡಿದರು.

"ನಾನು ಮಾದಯ್ಯನ್ ಎಂಡ್ತಿ ಕಣಪ್ಪ. ಅವ್ರು ಏನಂದ್ರು? ಏಳ್ಬುಡು."

ಬಳಸದೆ ತುಕ್ಕು ಹಿಡಿದ ಗಂಟಲಿನಿಂದ ಮಾತು ಬಂತು. "ಹಸೂಗೆ ನೀರು ಕುಡಿಸಿಲ್ಲ ಅಂದ್ರಮ್ಮ. ಅವಳಿಗೆ ಹೇಳ್ಬಿಡು ಅಂದ್ರು."

"ಅಷ್ಟೇನಾ?"

"ಅಷ್ಟೇ. ಹೇಳು ಅಂತ ನನಗೇ ಅಂದಿದ್ರು. ನಾನು ಬಂದು ಹೇಳಲೇ ಇಲ್ಲ. ನಿಮ್ಮ ಗಂಡನ್ನ ಸಾಯಿಸಿ, ಹಸೂಗೆ ನೀರು ಕುಡಿಸಿ ಅಂತ ಯಾವ ಬಾಯಲ್ಲಿ ಹೇಳಲಿ?" ಎಂದು ಸಾಮಣ್ಣ ಬಾವಿಯ ಕಟ್ಟೆ ಹಿಡಿದುಕೊಂಡು ಕುಸಿದು ಕೂತರು.

ಚಿಕ್ಕತಾಯಮ್ಮನ ಮುಖ ನಗುವಂತೆಯೂ ಅಳುವಂತೆಯೂ ಆಯಿತು. "ಅವ್ರೇ ಕಣಪ್ಪ ಅಂಗನ್ನೋದು. ಇನ್ಯಾರೂ ಅಲ್ಲ. ಜೀವ ಓಗೋವಾಗ್ಲೂ ಅಸೂಂದೇ ಗ್ಯಾನ." ಅವಳು ಅವರ ಪಕ್ಕದಲ್ಲಿ ನೆಲದ ಮೇಲೇ ಕೂತಳು. "ಕುಡ್ಸಿದ್ದೆ ಕಣಪ್ಪ. ಆವತ್ತು ಒತ್ತು ಮುಳುಗೋಕ್ ಮುಂಚೆನೇ ಕುಡ್ಸಿದ್ದೆ. ಅವ್ರ್‌ಗೆ ಅದೊಂದ್ ಗೊತ್ತಾಗ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು. "ನನ್ ಗಂಡ ರಸ್ತೇಲಿ ಒಬ್ನೇ ಬಿದ್ದು ಸತ್ತ ಅಂತ ಇಷ್ಟು ವರ್ಸ ಒಟ್ಟೆ ಉರೀತಿತ್ತು. ನಿನ್ ತೊಡೆ ಮ್ಯಾಲಿದ್ನಲ್ಲಪ್ಪ. ಮಾತಾಡಿದ್ನಲ್ಲ."

ಸಾಮಣ್ಣ ಅಳತೊಡಗಿದರು. ಗಂಡಸರು ಅಳುವುದನ್ನು ನಾನು ನೋಡಿಲ್ಲವೆಂದಲ್ಲ. ಆದರೆ ಆ ಅಳು ಬೇರೆ. ಕಟ್ಟಿಕೊಂಡಿದ್ದ ದಾರಿಯಲ್ಲಿ ನೀರು ಏರಿದಂತೆ, ತಡೆದು ತಡೆದು, ಆಮೇಲೆ ಒಂದೇ ಸಮನೆ. ಗ್ರೇಸಮ್ಮ ಹತ್ತಿರ ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಅನ್ನಕ್ಕೆ ನೀರಿಟ್ಟರು. ಎಲ್ಲ ವ್ಯಾಖ್ಯಾನಗಳನ್ನೂ ಬಲ್ಲ ಆ ಹೆಂಗಸು, ಯಾವ ವ್ಯಾಖ್ಯಾನವೂ ಬೇಡದ ಹೊತ್ತನ್ನೂ ಗುರುತಿಸಿದರು. ಬಸ್ಸಿನ ಯಾವ ಚರ್ಚೆಗಿಂತಲೂ ಆ ಅನ್ನದ ನೀರಿನ ಬಗ್ಗೆ ನನಗೆ ಇವತ್ತಿಗೂ ಹೆಚ್ಚು ಗೌರವ.

ಊಟವಾಯಿತು. ಹಸುವಿನ ಸುದ್ದಿ, ಅದರ ಕರುವಿನ ಸುದ್ದಿ, ಚಿಕ್ಕತಾಯಮ್ಮನ ಮಗಳ ಬಾಣಂತನದ ಸುದ್ದಿ ಎಲ್ಲ ಆಗುವ ಹೊತ್ತಿಗೆ ಬಿಳಿಗೆರೆಯ ಬಸ್ಸು ಹೊರಟುಹೋಗಿತ್ತು. ಚರ್ಚಿನ ಕಾಂಪೌಂಡಿನಲ್ಲಿ ಒಂದು ಹಳೆಯ ವ್ಯಾನು ನಿಂತಿರುತ್ತಿತ್ತು. ಅದರ ಕೀಲಿ ಗ್ರೇಸಮ್ಮನವರ ಮನೆಯ ಮೊಳೆಯಲ್ಲಿ. ಭಾನುವಾರ ಓಡಿಸುವ ಡ್ರೈವರನಿಗೆ ಹೇಳಿ ಕಳಿಸುತ್ತೇನೆ ಎಂದು ಗ್ರೇಸಮ್ಮ ಎದ್ದರು.

"ಅವ್ನ್ಯಾಕೆ?" ಎಂದಳು ಚಿಕ್ಕತಾಯಮ್ಮ. ಸಾಮಣ್ಣನವರ ಕಡೆ ತಿರುಗಿದಳು. "ನೀನೇ ಬುಡು."

ಸಾಮಣ್ಣ ತಮ್ಮ ಅಂಗೈಗಳನ್ನು ನೋಡಿಕೊಂಡರು. "ನನ್ನ ಗಾಡೀಲಿ ಕೂರ್ತೀರೇನಮ್ಮ ನೀವು?"

"ಕೂರ್ದೆ ನಡ್ಕಂಡ್ ಓಗ್ಲಾ ಈ ಒತ್ತಲ್ಲಿ?" ಎಂದು ಅವಳು ಚೀಲ ಎತ್ತಿಕೊಂಡು, ಯಾರನ್ನೂ ಕೇಳದೆ ಹೋಗಿ ವ್ಯಾನಿನ ಮುಂದಿನ ಸೀಟು ಹತ್ತಿ ಕೂತಳು.

ಸಾಮಣ್ಣ ಅಂಗಿ ಹಾಕಿಕೊಂಡು ಬಂದರು. ನಾನೂ ಗ್ರೇಸಮ್ಮನವರೂ ಹಿಂದೆ ಹತ್ತಿದೆವು. ಎಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಊರು ದಾಟಿ ಗದ್ದೆಗಳ ನಡುವಿನ ರಸ್ತೆಗೆ ಬಂದೆವು. ಬಂದೆವು ಎನ್ನುವುದೂ ಸ್ವಲ್ಪ ಉತ್ಪ್ರೇಕ್ಷೆಯೇ. ಹುಲ್ಲಿನ ಹೊರೆ ಕಟ್ಟಿದ ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿತು. ಮನೆಗೆ ಹೊರಟಿದ್ದ ಎಮ್ಮೆಯೊಂದು ಸ್ವಲ್ಪ ದೂರ ನಮ್ಮ ಜೊತೆಯಲ್ಲೇ ನಡೆದು, ಬೇಸತ್ತು ಮುಂದೆ ಹೋಯಿತು. ಖಾಲಿ ರಸ್ತೆಗೂ ಸಾಮಣ್ಣ ಹಾರನ್ ಹೊಡೆಯುತ್ತಿದ್ದರು. ಅವರ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಗ್ರೇಸಮ್ಮ ಕಣ್ಣು ಮುಚ್ಚಿಕೊಂಡಿದ್ದರು, ತುಟಿ ಮಾತ್ರ ಅಲ್ಲಾಡುತ್ತಿತ್ತು.

ಚಿಕ್ಕತಾಯಮ್ಮ ತಡೆದುಕೊಳ್ಳುವಷ್ಟು ತಡೆದುಕೊಂಡಳು. ಕಡೆಗೆ, "ಅಲ್ಲ ಕಣಪ್ಪ, ಇಂಗ್ ಓದ್ರೆ ಊರು ಮುಟ್ಟೋಕ್ ಮುಂಚೆನೇ ನಾನು ಸತ್ತೋಯ್ತೀನಿ. ಒಸಿ ಜೋರಾಗ್ ಬುಡು" ಎಂದಳು.

ಹೇಳಿದ ಮೇಲೆ ತಾನು ಏನು ಹೇಳಿದೆ, ಯಾರಿಗೆ ಹೇಳಿದೆ ಎಂದು ಅವಳಿಗೆ ಹೊಳೆದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಗ್ರೇಸಮ್ಮ ಕಣ್ಣು ತೆರೆದರು. ಮುಂದಿನ ಸೀಟಿನಿಂದ ಮೊದಲು ಒಂದು ಕೆಮ್ಮು, ಆಮೇಲೆ ಗಂಟಲೊಳಗೆ ಏನೋ ಉರುಳಿದಂಥ ಸದ್ದು ಕೇಳಿಸಿತು. ಸಾಮಣ್ಣ ನಗುತ್ತಿದ್ದರು. ಅವಳೂ ನಗತೊಡಗಿದಳು. ಅವರು ಗೇರು ಬದಲಾಯಿಸಿದರು. ನಾನು ಕಿಟಕಿಯ ಸರಳು ಹಿಡಿದುಕೊಳ್ಳಬೇಕಾಯಿತು, ವ್ಯಾನು ನಿಜಕ್ಕೂ ಜೋರಾಗಿಯೇ ಹೊರಟಿತ್ತು.